ಆ ಕೆಂಪು ಚೌಕದ ಕಾಗದ ಏನು ಹೇಳಿತ್ತು?

ಇವತ್ತು ರಾಜಕೀಯ ಬೇಡ. ಒಂದು ಕಾಗದದ ಕಥೆ ಹೇಳ್ತೀನಿ. ತಿಳಿ ಕೆಂಪು ಬಣ್ಣದ ಸಣ್ಣ ಸಣ್ಣ ಚೌಕಗಳಿರೋ ಕಾಗದ. ನಿಮ್ಮ ಮನೆ ಬೀರುವಿನಲ್ಲೂ ಯಾವುದಾದರೂ ಫೈಲಿನೊಳಗೆ ಮಡಚಿಕೊಂಡು ಕೂತಿರುತ್ತೆ. ಇಸಿಜಿ ಅಂತೀವಿ.

2009ನೇ ಇಸವಿ. ನಾನು ಇಂಜಿನಿಯರಿಂಗ್ ಮೂರನೇ ವರ್ಷ, ಎಲೆಕ್ಟ್ರಾನಿಕ್ಸ್ ಬ್ರಾಂಚು. ಗುಬ್ಬಿ ತಾಲ್ಲೂಕಿನ ಹಳ್ಳಿಯಲ್ಲಿ ನಮ್ಮ ದೊಡ್ಡಪ್ಪ ಇದ್ದರು. ತೆಂಗು, ಅಡಿಕೆ, ಒಂದಿಷ್ಟು ರಾಗಿ ಹೊಲ. ವಯಸ್ಸು 58. ಒಂದು ದಿನ ಬೆಳಗ್ಗೆ ತೋಟದಿಂದ ವಾಪಸ್ ಬಂದವರು ಜಗಲಿ ಮೇಲೆ ಕೂತು, "ಎದೆ ಹಿಡ್ಕಂಡಂಗೆ ಆಗೈತೆ ಕಣೇ" ಅಂದರಂತೆ. ದೊಡ್ಡಮ್ಮ ಜೀರಿಗೆ ನೀರು ಕೊಟ್ಟರು. ಬೆವರು ಸುರೀತಾ ಇತ್ತು. ದವಡೆ ನೋಯ್ತಾ ಇತ್ತು. "ಏನಿಲ್ಲ, ಗ್ಯಾಸು. ರಾತ್ರಿ ಅವರೆಕಾಳು ಸಾರು ಜಾಸ್ತಿ ಆಯ್ತು" ಅಂತ ದೊಡ್ಡಪ್ಪನೇ ತೀರ್ಪು ಕೊಟ್ಟರು. ಸೋಡಾ ತರಿಸಿ ಕುಡಿದರು. ಒಂದು ಗಂಟೆ ಹಾಗೇ ಹೋಯಿತು.

ಆಮೇಲೆ ನಮ್ಮಣ್ಣ ಬೈಕಿನಲ್ಲಿ ಕೂರಿಸಿಕೊಂಡು ಹತ್ತಿರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. ಅಲ್ಲಿ ಇಸಿಜಿ ತೆಗೆದರು. "ಲೈನ್ ಎಲ್ಲಾ ಸರಿ ಇದೆ, ನಾರ್ಮಲ್ಲು" ಅಂತ ಹೇಳಿ, ಗ್ಯಾಸಿಗೆ ಒಂದು ಇಂಜೆಕ್ಷನ್ ಕೊಟ್ಟು ಕಳಿಸಿದರು. ಮನೆಗೆ ಬಂದು ಮಲಗಿದರು. ಮಧ್ಯಾಹ್ನ ಮತ್ತೆ ನೋವು ಜೋರಾಯಿತು. ಕಾರು ಹುಡುಕಿ ತುಮಕೂರಿನ ಕಡೆ ಹೊರಟರು. ಗುಬ್ಬಿಯಿಂದ ತುಮಕೂರಿಗೆ ಇಪ್ಪತ್ತು ಕಿಲೋಮೀಟರ್ ಅಷ್ಟೇ. ಆ ಇಪ್ಪತ್ತು ಕಿಲೋಮೀಟರ್ ಮುಗಿಯಲಿಲ್ಲ.

ತಿಥಿಯ ದಿನ ಆ ಇಸಿಜಿ ಕಾಗದ ನನ್ನ ಕೈಗೆ ಬಂತು. ಕಾಲೇಜಿನ ಲ್ಯಾಬಿನಲ್ಲಿ ದಿನಾ ಆಸಿಲೋಸ್ಕೋಪ್ ಮುಂದೆ ಕೂರುತ್ತಿದ್ದವನು ನಾನು. ಸಿಗ್ನಲ್, ಫಿಲ್ಟರ್, ಆಂಪ್ಲಿಫೈಯರ್ ಅಂತ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವನು. ನನ್ನ ದೊಡ್ಡಪ್ಪನ ಹೃದಯದ ಸಿಗ್ನಲ್ ಕೈಯಲ್ಲಿತ್ತು, ಅದರಲ್ಲಿ ಒಂದಕ್ಷರವೂ ನನಗೆ ಓದಲಿಕ್ಕೆ ಬರಲಿಲ್ಲ. ಯಾಕೋ ಏನೋ, ಒಂದು ಜೆರಾಕ್ಸ್ ಮಾಡಿಸಿ ಇಟ್ಟುಕೊಂಡೆ. ಆ ಜೆರಾಕ್ಸ್ ಮುಂದೆ ಏನು ಹೇಳಿತು ಅನ್ನೋದಕ್ಕೆ ಕೊನೆಗೆ ಬರ್ತೀನಿ. ಅದಕ್ಕೂ ಮೊದಲು, ಈ ಗೆರೆ ಎಲ್ಲಿಂದ ಬಂತು ಅನ್ನೋದು ಗೊತ್ತಾಗಬೇಕು.

ಕಥೆ ಶುರುವಾಗೋದು ಲಂಡನ್ನಿನಲ್ಲಿ, 1887ರಲ್ಲಿ. ಆಗಸ್ಟಸ್ ವಾಲರ್ ಅಂತ ಒಬ್ಬ ಶರೀರ ವಿಜ್ಞಾನಿ. ಹೃದಯ ಒಂದೊಂದು ಸಲ ಬಡಿದಾಗಲೂ ಅತಿ ಸಣ್ಣ ಪ್ರಮಾಣದ ವಿದ್ಯುತ್ ಹುಟ್ಟುತ್ತೆ, ಅದು ಚರ್ಮದವರೆಗೂ ಬರುತ್ತೆ, ಎದೆ ಸೀಳದೆಯೇ ಹೊರಗಿನಿಂದ ಅದನ್ನ ಅಳೀಬಹುದು ಅಂತ ತೋರಿಸಿದವರು ಇವರು. ಅವರ ಹತ್ತಿರ ಜಿಮ್ಮಿ ಅಂತ ಒಂದು ಬುಲ್‌ಡಾಗ್ ನಾಯಿ ಇತ್ತು. ಅದರ ಕಾಲುಗಳನ್ನ ಉಪ್ಪುನೀರಿನ ಪಾತ್ರೆಯಲ್ಲಿ ಇಡಿಸಿ, ತಂತಿ ಜೋಡಿಸಿ, ಜನರ ಮುಂದೆ ಪ್ರಯೋಗ ಮಾಡುತ್ತಿದ್ದರು. 1909ರಲ್ಲಿ ರಾಯಲ್ ಸೊಸೈಟಿಯಲ್ಲಿ ನಡೆದ ಪ್ರದರ್ಶನ ನೋಡಿ ಬ್ರಿಟಿಷ್ ಪಾರ್ಲಿಮೆಂಟಿನಲ್ಲೇ ಗಲಾಟೆ. ನಾಯಿಗೆ ಹಿಂಸೆ ಕೊಡ್ತಿದ್ದಾರೆ ಅಂತ ಪ್ರಶ್ನೆ ಬಂತು. ಅದು ಬರೀ ಉಪ್ಪುನೀರು ಸ್ವಾಮಿ, ಸಮುದ್ರದಲ್ಲಿ ಕಾಲಿಟ್ಟ ಹಾಗೆ ಅಷ್ಟೇ ಅನ್ನೋ ಅರ್ಥದಲ್ಲಿ ಮಂತ್ರಿ ಉತ್ತರ ಕೊಟ್ಟರು. ತಮಾಷೆ ಅಂದ್ರೆ, ಆಸ್ಪತ್ರೆಯಲ್ಲಿ ಇದಕ್ಕೆ ದೊಡ್ಡ ಉಪಯೋಗ ಇದೆ ಅಂತ ಸ್ವತಃ ವಾಲರ್ ಅವರಿಗೇ ಬಹಳ ಕಾಲ ಅನ್ನಿಸಿರಲಿಲ್ಲ.

ಅನ್ನಿಸಿದ್ದು ಇನ್ನೊಬ್ಬರಿಗೆ. ವಿಲ್ಲೆಮ್ ಐಂಥೋವೆನ್. ಹುಟ್ಟಿದ್ದು 1860ರಲ್ಲಿ, ಈಗಿನ ಇಂಡೋನೇಷ್ಯಾದ ಜಾವಾ ದ್ವೀಪದಲ್ಲಿ. ಕೆಲಸ ಮಾಡಿದ್ದು ನೆದರ್‌ಲ್ಯಾಂಡ್ಸ್‌ನ ಲೈಡನ್ ಊರಿನಲ್ಲಿ. ವಾಲರ್ ಬಳಿ ಇದ್ದ ಸಲಕರಣೆ ನಿಧಾನದ್ದು, ಗೆರೆ ಮಸುಕು. ಐಂಥೋವೆನ್ ಏನು ಮಾಡಿದರು ಗೊತ್ತಾ? ಕರಗಿದ ಗಾಜಿನಂಥ ಕ್ವಾರ್ಟ್ಜ್ ಅನ್ನು ಬಾಣಕ್ಕೆ ಅಂಟಿಸಿ ಹಾರಿಸಿ, ಕೂದಲಿಗಿಂತ ತೆಳ್ಳಗಿನ ಎಳೆ ಮಾಡಿಕೊಂಡರು. ಅದಕ್ಕೆ ಬೆಳ್ಳಿ ಲೇಪಿಸಿದರು. ದೊಡ್ಡ ವಿದ್ಯುತ್ ಅಯಸ್ಕಾಂತದ ನಡುವೆ ನಿಲ್ಲಿಸಿದರು. ಹೃದಯದಿಂದ ಬಂದ ವಿದ್ಯುತ್ ಆ ಎಳೆಯಲ್ಲಿ ಹರಿದಾಗ ಅದು ಅಲುಗಾಡಬೇಕು, ಅದರ ನೆರಳು ಫೋಟೋ ಪಟ್ಟಿಯ ಮೇಲೆ ಗೆರೆಯಾಗಿ ಬೀಳಬೇಕು. ಅಷ್ಟೇ ಐಡಿಯಾ. ಆದರೆ ಆ ಯಂತ್ರದ ತೂಕ ಸುಮಾರು 270 ಕಿಲೋ. ನಡೆಸಲಿಕ್ಕೆ ಐದು ಜನ ಬೇಕು. ರೋಗಿ ಎರಡು ಕೈ, ಒಂದು ಕಾಲು ಉಪ್ಪುನೀರಿನ ಬಕೆಟ್ಟಿನಲ್ಲಿ ಇಟ್ಟುಕೊಂಡು ಕೂರಬೇಕು.

ಆ ಯಂತ್ರವನ್ನ ಆಸ್ಪತ್ರೆಗೆ ಹೊತ್ತುಕೊಂಡು ಹೋಗೋಕಾಗುತ್ತಾ? ಆಗಲ್ಲ. ಸರಿ, 1905ರಲ್ಲಿ ಅವರು ಆಸ್ಪತ್ರೆಯಿಂದ ತಮ್ಮ ಲ್ಯಾಬಿಗೆ, ಸುಮಾರು ಒಂದೂವರೆ ಕಿಲೋಮೀಟರ್, ಟೆಲಿಫೋನ್ ತಂತಿಯ ಮೂಲಕ ಸಿಗ್ನಲ್ ಕಳಿಸಿದರು. ರೋಗಿ ಅಲ್ಲಿ, ಗೆರೆ ಇಲ್ಲಿ. ಈ ಒಂದು ಸಾಲನ್ನ ನೆನಪಿಟ್ಟುಕೊಳ್ಳಿ. ನೂರು ವರ್ಷದ ನಂತರ ಕರ್ನಾಟಕದಲ್ಲಿ ಇದೇ ಕಥೆ ಮತ್ತೆ ನಡೆಯುತ್ತೆ. ಆ ಗೆರೆಯ ಏರಿಳಿತಗಳಿಗೆ ಪಿ, ಕ್ಯೂ, ಆರ್, ಎಸ್, ಟಿ ಅಂತ ಹೆಸರಿಟ್ಟವರೂ ಐಂಥೋವೆನ್ನೇ. 1924ರಲ್ಲಿ ನೊಬೆಲ್ ಬಂತು.

ಆದರೆ ಒಂದು ವಿಷಯ. ಆಗಿನ್ನೂ ಈ ಗೆರೆಯಲ್ಲಿ ಹೃದಯಾಘಾತ ಕಾಣುತ್ತೆ ಅಂತ ಯಾರಿಗೂ ಗೊತ್ತಿರಲಿಲ್ಲ. ಬಡಿತ ತಪ್ಪಿದರೆ ಗೊತ್ತಾಗುತ್ತಿತ್ತು, ಅಷ್ಟೇ. ಹೃದಯದ ರಕ್ತನಾಳ ಕಟ್ಟಿಕೊಂಡರೆ ಮನುಷ್ಯ ತಕ್ಷಣ ಸತ್ತೇ ಹೋಗ್ತಾನೆ ಅನ್ನೋದು ವೈದ್ಯರ ನಂಬಿಕೆಯಾಗಿತ್ತು. 1912ರಲ್ಲಿ ಷಿಕಾಗೋದ ಜೇಮ್ಸ್ ಹೆರಿಕ್ ಅದು ತಪ್ಪು ಅಂದರು. ನಾಳ ಕಟ್ಟಿಕೊಂಡ ಮೇಲೂ ಎಷ್ಟೋ ಜನ ಗಂಟೆಗಟ್ಟಲೆ, ದಿನಗಟ್ಟಲೆ ಬದುಕಿರ್ತಾರೆ, ಕೆಲವರು ಚೇತರಿಸಿಕೊಳ್ತಾರೆ ಅಂದರು. ಅಂದ್ರೆ ಏನಾಯಿತು? ನೋವಿಗೂ ಸಾವಿಗೂ ನಡುವೆ ಒಂದು ಸಮಯ ಇದೆ ಅಂತಾಯಿತು. ವೈದ್ಯರು ಏನಾದರೂ ಮಾಡಬಹುದಾದ ಸಮಯ.

1920ರಲ್ಲಿ ನ್ಯೂಯಾರ್ಕಿನ ಹೆರಾಲ್ಡ್ ಪಾರ್ಡಿ ಅನ್ನೋ ವೈದ್ಯರು ನೋವು ಶುರುವಾಗಿ ಕೆಲವೇ ಗಂಟೆಯಾಗಿದ್ದ ಒಬ್ಬ ರೋಗಿಯ ಇಸಿಜಿ ತೆಗೆದರು. ಗೆರೆ ಎಲ್ಲಿ ಸಪಾಟಾಗಿ ಕೆಳಗಿಳಿದು ಬರಬೇಕಿತ್ತೋ ಅಲ್ಲಿ ಇಳಿಯದೆ ಮೇಲೇ ಉಳಿದಿತ್ತು, ಗುಡ್ಡದ ಹಾಗೆ ಬಾಗಿ. ಹೃದಯಾಘಾತದ ಸಹಿ ಮೊದಲ ಸಲ ಮನುಷ್ಯನ ಇಸಿಜಿಯಲ್ಲಿ ಸಿಕ್ಕಿದ್ದು ಹೀಗೆ. ಇವತ್ತಿಗೂ ಎಸ್‌ಟಿ ಎಲಿವೇಶನ್ ಅಂತ ಡಾಕ್ಟರು ಹೇಳೋದು ಇದನ್ನೇ.

ಆಗ ಇದ್ದದ್ದು ಮೂರೇ ಮೂರು ಲೀಡು, ಕೈಕಾಲಿನಿಂದ. 1930ರ ದಶಕದಲ್ಲಿ ಅಮೆರಿಕದ ಫ್ರಾಂಕ್ ವಿಲ್ಸನ್ ಮತ್ತಿತರರ ಕೆಲಸದಿಂದ ಎದೆ ಮೇಲೂ ಲೀಡು ಬಂತು. 1938ರಲ್ಲಿ ಅಮೆರಿಕ, ಬ್ರಿಟನ್ನಿನ ಹೃದಯ ತಜ್ಞರ ಸಂಘಗಳು ಕೂತು ಎದೆ ಮೇಲಿನ ಆರು ಜಾಗ ಇದೇ ಅಂತ ನಿಗದಿ ಮಾಡಿದವು. 1942ರಲ್ಲಿ ಎಮಾನ್ಯುಯೆಲ್ ಗೋಲ್ಡ್‌ಬರ್ಗರ್ ಇನ್ನೂ ಮೂರು ಸೇರಿಸಿದರು. ಒಟ್ಟು ಹನ್ನೆರಡು. ಇವತ್ತು ಗುಬ್ಬಿಯ ತಾಲ್ಲೂಕು ಆಸ್ಪತ್ರೆಯಾಗಲಿ, ಕುಣಿಗಲ್ಲಿನದ್ದಾಗಲಿ, ಲಂಡನ್ನಿನದ್ದಾಗಲಿ, ಇಸಿಜಿ ಅಂದರೆ ಅದೇ ಹನ್ನೆರಡು.

ಹನ್ನೆರಡು ಯಾಕೆ ಬೇಕು? ನಮ್ಮ ದೇವರಾಯನದುರ್ಗದ ಬೆಟ್ಟವನ್ನ ತುಮಕೂರಿನ ಕಡೆಯಿಂದ ನೋಡಿ, ಒಂದು ಥರ ಕಾಣುತ್ತೆ. ಕೊರಟಗೆರೆ ಕಡೆಯಿಂದ ನೋಡಿ, ಬೇರೆ ಬೆಟ್ಟವೇ ಇರಬೇಕು ಅನ್ನಿಸುತ್ತೆ. ಒಂದು ಕಡೆ ಬಂಡೆ ಜಾರಿದ್ದರೆ ಇನ್ನೊಂದು ಕಡೆ ನಿಂತವನಿಗೆ ಕಾಣಲ್ಲ. ಹೃದಯವೂ ಹಾಗೇ. ಎದೆ ಮೇಲಿನ ವಿ1ರಿಂದ ವಿ4ರವರೆಗಿನ ಲೀಡು ಹೃದಯದ ಮುಂಭಾಗ ನೋಡುತ್ತೆ. ಎರಡು, ಮೂರು ಮತ್ತು ಎವಿಎಫ್ ಅನ್ನೋ ಲೀಡುಗಳು ಕೆಳಭಾಗ ನೋಡುತ್ತವೆ. ಒಂದು, ಎವಿಎಲ್, ವಿ5, ವಿ6 ಪಕ್ಕದ ಗೋಡೆ ನೋಡುತ್ತವೆ. ಯಾವ ಲೀಡುಗಳಲ್ಲಿ ಗೆರೆ ಎದ್ದಿದೆ ಅನ್ನೋದರ ಮೇಲೆ ಹೃದಯದ ಯಾವ ಗೋಡೆಗೆ ರಕ್ತ ನಿಂತಿದೆ ಅಂತ ವೈದ್ಯರು ಹೇಳ್ತಾರೆ. ಹಿಂಭಾಗ ಮತ್ತು ಬಲಭಾಗ ಈ ಹನ್ನೆರಡಕ್ಕೂ ಸರಿಯಾಗಿ ಕಾಣಲ್ಲ. ಅನುಮಾನ ಬಂದರೆ ಬೆನ್ನಿನ ಕಡೆಗೆ, ಬಲ ಎದೆಗೆ ಹೆಚ್ಚುವರಿ ಲೀಡು ಹಾಕಿ ನೋಡ್ತಾರೆ.

ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತೆ. ಒಂದು ಚಿಕ್ಕ ಚೌಕ ಅಂದ್ರೆ 0.04 ಸೆಕೆಂಡು. ಎತ್ತರದಲ್ಲಿ ಹತ್ತು ಚಿಕ್ಕ ಚೌಕ ಅಂದ್ರೆ ಒಂದು ಮಿಲಿವೋಲ್ಟು. ಮೊದಲ ಪುಟ್ಟ ಉಬ್ಬು ಪಿ, ಮೇಲಿನ ಕೋಣೆಗಳದ್ದು. ಚೂಪಾದ ಶಿಖರ ಕ್ಯೂಆರ್‌ಎಸ್, ಕೆಳಗಿನ ದೊಡ್ಡ ಕೋಣೆಗಳದ್ದು. ಆಮೇಲೆ ಸ್ವಲ್ಪ ಸಮತಟ್ಟು, ಅದು ಎಸ್‌ಟಿ. ಕೊನೆಗೆ ದುಂಡಗಿನ ಉಬ್ಬು, ಟಿ, ಹೃದಯ ಮುಂದಿನ ಬಡಿತಕ್ಕೆ ಸಿದ್ಧವಾಗೋ ಹೊತ್ತು.

ರಕ್ತನಾಳ ಪೂರ್ತಿ ಕಟ್ಟಿಕೊಂಡಾಗ ಗೆರೆ ಒಂದೇ ಏಟಿಗೆ ಬದಲಾಗಲ್ಲ. ಸಾಮಾನ್ಯವಾಗಿ ಮೊದಲು ಬದಲಾಗೋದು ಟಿ. ಅದು ಊದಿಕೊಳ್ಳುತ್ತೆ. ಎತ್ತರ, ಬುಡ ಅಗಲ, ಪಕ್ಕದ ಕ್ಯೂಆರ್‌ಎಸ್‌ಗೆ ಹೋಲಿಸಿದರೆ ಅತಿ ದೊಡ್ಡದು. ಇದು ಕೆಲವೇ ನಿಮಿಷಗಳ ಹಂತ, ಎಷ್ಟೋ ಸಲ ಯಾರ ಕಣ್ಣಿಗೂ ಬೀಳಲ್ಲ. ಆಮೇಲೆ ಎಸ್‌ಟಿ ಮೇಲೇಳುತ್ತೆ, ಪಾರ್ಡಿ ಕಂಡ ಗುಡ್ಡ. ಎದುರು ಗೋಡೆ ನೋಡೋ ಲೀಡುಗಳಲ್ಲಿ ಅದೇ ಹೊತ್ತಿಗೆ ಎಸ್‌ಟಿ ಕೆಳಗಿಳಿದಿದ್ದರೆ ಅನುಮಾನ ಇನ್ನಷ್ಟು ಗಟ್ಟಿ. ಗಂಟೆಗಳು ಕಳೆದ ಮೇಲೆ ಆಳವಾದ ಕ್ಯೂ ಗುಂಡಿ ಬೀಳುತ್ತೆ. ಅಷ್ಟು ಹೊತ್ತಿಗೆ ಸ್ನಾಯು ಸತ್ತಿರುತ್ತೆ.

ಇನ್ನೂ ಸೂಕ್ಷ್ಮದ ಎಚ್ಚರಿಕೆಗಳಿವೆ. 1982ರಲ್ಲಿ ನೆದರ್‌ಲ್ಯಾಂಡ್ಸ್‌ನ ಹೈನ್ ವೆಲೆನ್ಸ್ ಮತ್ತವರ ತಂಡ ಒಂದು ಗುರುತು ಹೇಳಿತು. ನೋವು ಬಂದು ಹೋಗಿದೆ, ರೋಗಿ ಈಗ ಆರಾಮಾಗಿದ್ದಾನೆ, ಆದರೆ ಎದೆ ಮುಂಭಾಗದ ಲೀಡುಗಳಲ್ಲಿ ಟಿ ತಲೆಕೆಳಗಾಗಿದೆ ಅಥವಾ ಅರ್ಧ ಮೇಲೆ ಅರ್ಧ ಕೆಳಗೆ ಇದೆ. ಮುಂಭಾಗದ ದೊಡ್ಡ ನಾಳ ಕಟ್ಟಿಕೊಳ್ಳೋಕೆ ಮುಂಚಿನ ಎಚ್ಚರಿಕೆ ಅದು. 2008ರಲ್ಲಿ ಅದೇ ದೇಶದ ಡಿ ವಿಂಟರ್ ಮತ್ತು ಸಂಗಡಿಗರು ಮತ್ತೊಂದು ಹೇಳಿದರು. ಎಸ್‌ಟಿ ಏಳೋ ಬದಲು ಇಳಿದು, ಅಲ್ಲಿಂದ ಚೂಪಾದ ಎತ್ತರದ ಟಿ ಏಳೋ ರೂಪ. ಎಸ್‌ಟಿ ಎದ್ದಿಲ್ಲ ಅಂತ ಕೂತರೆ ಕೆಟ್ಟಿರಿ.

ಇದನ್ನೆಲ್ಲ ಓದಿ ನೀವೇ ಮನೆಯಲ್ಲಿ ಡಾಕ್ಟರ್ ಆಗಬೇಡಿ. ಎಸ್‌ಟಿ ಎದ್ದದ್ದೆಲ್ಲ ಹೃದಯಾಘಾತವೂ ಅಲ್ಲ. ಆರೋಗ್ಯವಂತ ಯುವಕರಲ್ಲಿ ಸಹಜವಾಗಿಯೇ ಸ್ವಲ್ಪ ಎದ್ದಿರಬಹುದು. ಹೃದಯದ ಹೊರ ಪೊರೆಯ ಉರಿಯೂತದಲ್ಲೂ ಏಳುತ್ತೆ. ರಕ್ತದಲ್ಲಿ ಪೊಟ್ಯಾಸಿಯಂ ಜಾಸ್ತಿ ಆದರೂ ಟಿ ಎತ್ತರ ಆಗುತ್ತೆ. ಆದರೆ ಮನೆಯವರಾಗಿ ಒಂದು ಮಾತು ಗೊತ್ತಿರಲೇಬೇಕು: ನೋವಿದ್ದಾಗ ಮೊದಲ ಇಸಿಜಿ ಸರಿ ಇದ್ದ ಮಾತ್ರಕ್ಕೆ ಎಲ್ಲ ಸರಿ ಅಂತಲ್ಲ. ಇಸಿಜಿ ಅನ್ನೋದು ಹತ್ತು ಸೆಕೆಂಡಿನ ಫೋಟೋ, ಸಿನಿಮಾ ಅಲ್ಲ. ನೋವು ಹೋಗದಿದ್ದರೆ ಹದಿನೈದು, ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ತೆಗೀಬೇಕು. ಟ್ರೋಪೋನಿನ್ ಅನ್ನೋ ರಕ್ತ ಪರೀಕ್ಷೆ ಮಾಡಬೇಕು. ಅದೂ ಮೊದಲ ಗಂಟೆಗಳಲ್ಲಿ ಏರದೇ ಇರಬಹುದು, ಹಾಗಾಗಿ ಅದನ್ನೂ ಮತ್ತೆ ನೋಡಬೇಕಾಗುತ್ತೆ.

ಗೆರೆ ಬೇಗ ಓದಿದರೆ ಲಾಭ ಏನು? 1970ರ ದಶಕದವರೆಗೂ ಹೆಚ್ಚೇನಿರಲಿಲ್ಲ ಅಂತಲೇ ಹೇಳಬೇಕು. ಹಾಸಿಗೆ, ವಿಶ್ರಾಂತಿ, ನೋವಿನ ಮದ್ದು. ರಕ್ತ ಹೆಪ್ಪುಗಟ್ಟೋದು ಹೃದಯಾಘಾತದ ಕಾರಣವೋ, ಪರಿಣಾಮವೋ ಅಂತಲೇ ಜಗಳ ಇತ್ತು. 1980ರಲ್ಲಿ ಅಮೆರಿಕದ ಡಿವುಡ್ ಅನ್ನೋ ವೈದ್ಯರ ತಂಡ ನೋವು ಬಂದ ಕೆಲವೇ ಗಂಟೆಯೊಳಗೆ ರಕ್ತನಾಳದ ಚಿತ್ರ ತೆಗೆದು ನೋಡಿತು. ನಾಲ್ಕು ಗಂಟೆಯೊಳಗೆ ನೋಡಿದವರಲ್ಲಿ ಶೇ. 87 ಮಂದಿಯ ನಾಳ ಪೂರ್ತಿ ಮುಚ್ಚಿತ್ತು. ಜಗಳ ಮುಗೀತು. ಹೆಪ್ಪು ಕರಗಿಸಿದರೆ ಜೀವ ಉಳಿಯಬೇಕಲ್ಲ? 1986ರಲ್ಲಿ ಇಟಲಿಯಲ್ಲಿ 11 ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಸ್ಟ್ರೆಪ್ಟೋಕೈನೇಸ್ ಪ್ರಯೋಗ ಆಯಿತು. ನೋವು ಶುರುವಾದ ಮೊದಲ ಗಂಟೆಯೊಳಗೆ ಮದ್ದು ಸಿಕ್ಕವರಲ್ಲಿ ಸಾವು ಸುಮಾರು ಅರ್ಧಕ್ಕೆ ಇಳಿಯಿತು. 1988ರ ಇನ್ನೊಂದು ದೊಡ್ಡ ಅಧ್ಯಯನದಲ್ಲಿ, ಸ್ಟ್ರೆಪ್ಟೋಕೈನೇಸ್ ಮತ್ತು ಆಸ್ಪಿರಿನ್ ಎರಡೂ ಸಿಕ್ಕವರಲ್ಲಿ ಐದು ವಾರದೊಳಗೆ ಸತ್ತವರು ನೂರಕ್ಕೆ 8; ಎರಡೂ ಸಿಗದವರಲ್ಲಿ 13. ಅಲ್ಲಿಂದ ಆ ಕಾಗದದ ಬೆಲೆ ಬದಲಾಯಿತು. ಅದು ಬರೀ ರೋಗದ ಹೆಸರು ಹೇಳೋ ಕಾಗದ ಅಲ್ಲ, ಗಡಿಯಾರ ಶುರು ಮಾಡೋ ಕಾಗದ ಆಯಿತು. ಎದೆನೋವಿನ ರೋಗಿ ಬಂದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು ಅನ್ನೋ ಇವತ್ತಿನ ನಿಯಮದ ಹಿಂದೆ ಇರೋದು ಈ ಲೆಕ್ಕ.

ಈಗ ನಮ್ಮ ರಾಜ್ಯಕ್ಕೆ ಬರೋಣ. ನಮ್ಮ ಸಮಸ್ಯೆ ಐಂಥೋವೆನ್ನರ ಸಮಸ್ಯೆಯೇ. ರೋಗಿ ಇಲ್ಲಿ, ಓದುವವರು ಅಲ್ಲಿ. ಜಯದೇವ ಹೃದ್ರೋಗ ಸಂಸ್ಥೆ ಬೆಂಗಳೂರಿನಲ್ಲಿ. ತಜ್ಞರು ದೊಡ್ಡ ಊರುಗಳಲ್ಲಿ. ನೋವು ಬರೋದು ಮಾತ್ರ ಗುಬ್ಬಿಯ ತೋಟದಲ್ಲಿ, ಕುಣಿಗಲ್ಲಿನ ಸಂತೆಯಲ್ಲಿ. 2002ರಲ್ಲಿ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತು. ಅಲ್ಲಿಯ ಇಸಿಜಿ ಇಲ್ಲಿಯ ತಜ್ಞರ ಮುಂದೆ. 1905ರ ಟೆಲಿಫೋನ್ ತಂತಿಯ ಜಾಗಕ್ಕೆ ಉಪಗ್ರಹ ಬಂತು, ಅಷ್ಟೇ ವ್ಯತ್ಯಾಸ.

ಇಂಜಿನಿಯರಾಗಿ ನನಗೆ ತುಂಬಾ ಇಷ್ಟವಾದ ಒಂದು ಅಧ್ಯಾಯವಿದೆ. 2000ದ ದಶಕದ ಕೊನೆಯ ಹೊತ್ತಿಗೆ ಜಿಇ ಕಂಪನಿಯ ಬೆಂಗಳೂರಿನ ಇಂಜಿನಿಯರುಗಳು ಮ್ಯಾಕ್ 400 ಅನ್ನೋ ಇಸಿಜಿ ಯಂತ್ರ ಮಾಡಿದರು. ಹಳ್ಳಿಗೆ ಹೊತ್ತುಕೊಂಡು ಹೋಗುವಂತಿರಬೇಕು, ಬ್ಯಾಟರಿಯಲ್ಲಿ ನಡೀಬೇಕು, ಬೆಲೆ ಕಡಿಮೆ ಇರಬೇಕು. ದೊಡ್ಡ ಯಂತ್ರದ ಪ್ರಿಂಟರ್ ಭಾರ, ದುಬಾರಿ. ಪರಿಹಾರ ಎಲ್ಲಿ ಸಿಕ್ಕಿತು ಹೇಳಿ? ಬಸ್ ಟಿಕೆಟ್ ಕೊಡೋ ಯಂತ್ರದಲ್ಲಿ! ಅದೇ ಥರದ ಸಣ್ಣ ಪ್ರಿಂಟರನ್ನ ತಂದು ಇಸಿಜಿಗೆ ಹೊಂದಿಸಿದರು. ಲೈಡನ್ನಿನ 270 ಕಿಲೋ ಯಂತ್ರ ಬೆನ್ನಿಗೆ ನೇತುಹಾಕೋ ಚೀಲಕ್ಕೆ ಇಳೀತು. ಕಂಡಕ್ಟರ್ ಹರಿದುಕೊಟ್ಟ ಟಿಕೆಟ್ ನಾಲ್ಕು ದಿನ ಜೇಬಿನಲ್ಲಿದ್ದರೆ ಅಕ್ಷರ ಮಾಸುತ್ತಲ್ಲ, ಅಂಥ ಕಾಗದದ ಮೇಲೆ ತೆಗೆದ ಇಸಿಜಿಯೂ ಕಾಲ ಕಳೆದಂತೆ ಮಾಸುತ್ತೆ. ಅದಕ್ಕೇ ಹೇಳೋದು, ಹಳೇ ಇಸಿಜಿಯ ಜೆರಾಕ್ಸ್ ಮಾಡಿಸಿ ಇಡಿ, ಮೊಬೈಲಿನಲ್ಲಿ ಫೋಟೋ ಇಡಿ. ಹೊಸ ಗೆರೆಯಲ್ಲಿ ಏನು ಬದಲಾಗಿದೆ ಅನ್ನೋದನ್ನ ಹಳೇ ಗೆರೆ ಪಕ್ಕದಲ್ಲಿಟ್ಟರೆ ಮಾತ್ರ ಖಚಿತವಾಗಿ ಹೇಳಬಹುದು.

2018ರಲ್ಲಿ ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ವಾಟ್ಸಾಪ್ ಗ್ರೂಪು ಶುರು ಮಾಡಿದರು. ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್ ಅಂತ ಹೆಸರು. ಕರಾವಳಿ, ಮಲೆನಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ದಾನಿಗಳಿಂದ ಇಸಿಜಿ ಯಂತ್ರ ಕೊಡಿಸೋದು, ಅಲ್ಲಿಯ ವೈದ್ಯರು ಫೋಟೋ ಹಾಕಿದರೆ ತಜ್ಞರು ನೋಡಿ ತಕ್ಷಣ ಹೇಳೋದು. ಕೋಟಿ ರೂಪಾಯಿಯ ಸಾಫ್ಟ್‌ವೇರ್ ಬೇಕಾಗಲಿಲ್ಲ.

2021ರ ಅಕ್ಟೋಬರ್ 29. ಆ ದಿನ ಯಾವ ಕನ್ನಡಿಗನಿಗೂ ನೆನಪು ಮಾಡಬೇಕಾಗಿಲ್ಲ. 46 ವರ್ಷದ ಪುನೀತ್ ರಾಜ್‌ಕುಮಾರ್. ನಾವೆಲ್ಲ ಸ್ಟುಡಿಯೋದಲ್ಲಿ ಅಳುತ್ತಲೇ ಸುದ್ದಿ ಓದಿದೆವು. ಅವರ ಹೆಸರಿನಲ್ಲಿ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂದಿತು. ತಾಲ್ಲೂಕು, ಜಿಲ್ಲಾಸ್ಪತ್ರೆಯಲ್ಲಿ ಇಸಿಜಿ ತೆಗೆದರೆ ಅದು ಕೃತಕ ಬುದ್ಧಿಮತ್ತೆಯ ನೆರವಿನಿಂದ ಕೆಲವೇ ನಿಮಿಷದಲ್ಲಿ ಓದಿಸಿಕೊಳ್ಳುತ್ತೆ. ನಾಳ ಕಟ್ಟಿದೆ ಅಂತಾದರೆ, ಹೊರಗೆ ಹತ್ತಾರು ಸಾವಿರ ರೂಪಾಯಿ ಬೆಲೆಯ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತ. ಹೆಪ್ಪು ಕರಗಿಸೋ ಮದ್ದು ಕೊಟ್ಟು, ಆಮೇಲೆ ದೊಡ್ಡ ಆಸ್ಪತ್ರೆಗೆ ರವಾನೆ. 2025ರ ಜುಲೈನಲ್ಲಿ, ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ ಇದನ್ನ ವಿಸ್ತರಿಸುತ್ತೀವಿ ಅಂತ ಸರ್ಕಾರ ಹೇಳಿತು.

ಇಲ್ಲಿ ಕುಣಿಗಲ್ಲಿನವರಿಗೆ ಒಂದು ಮಾತು. ನಿಮ್ಮೂರು ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿದೆ. ಎದೆ ನೋವು ಅಂದ ತಕ್ಷಣ "ಇಲ್ಲೆಲ್ಲ ಯಾಕೆ, ಸೀದಾ ಬೆಂಗಳೂರಿಗೇ ಹೊಡಿ" ಅಂತೀವಿ. ಸುಮಾರು 70 ಕಿಲೋಮೀಟರ್. ನೆಲಮಂಗಲದ ಟ್ರಾಫಿಕ್ಕು ಯಾರಪ್ಪನ ಮಾತೂ ಕೇಳಲ್ಲ. ಹತ್ತು ನಿಮಿಷದಲ್ಲಿ ಆಗಬೇಕಾದ ಇಸಿಜಿ ಎರಡು ಗಂಟೆ ಆದ ಮೇಲೆ ಆಗುತ್ತೆ. ಬೆಂಗಳೂರಿಗೆ ಹೋಗಬೇಡಿ ಅಂತ ಹೇಳ್ತಿಲ್ಲ. ಮೊದಲ ಇಸಿಜಿ, ಮೊದಲ ಮದ್ದು ಹತ್ತಿರದ ಆಸ್ಪತ್ರೆಯಲ್ಲಿ ಆಗಲಿ, ಆಮೇಲೆ ಆಂಬುಲೆನ್ಸಿನಲ್ಲಿ ಮುಂದಕ್ಕೆ ಹೊರಡಿ. 108 ನಮ್ಮ ರಾಜ್ಯಕ್ಕೆ ಬಂದಿದ್ದು 2008ರಲ್ಲಿ. 2009ರಲ್ಲಿ ನಮ್ಮ ಮನೆಯವರು ಬಾಡಿಗೆ ಕಾರು ಹುಡುಕುತ್ತಾ ಊರೆಲ್ಲ ಓಡಾಡಿದರು. ಆ ಮೂರು ಅಂಕಿ ಯಾರಿಗೂ ಹೊಳೆಯಲಿಲ್ಲ.

ಈಗ ನನ್ನ ತಪ್ಪಿನ ವಿಷಯ. 2025ರ ಜೂನ್, ಜುಲೈ. ಹಾಸನದಲ್ಲಿ ಸಾಲು ಸಾಲು ಹೃದಯಾಘಾತ ಅಂತ ಸುದ್ದಿ. ಎಲ್ಲ ಚಾನೆಲ್ಲುಗಳಲ್ಲೂ ಸಾವಿನ ಲೆಕ್ಕ. ನಾನೂ ಕೂತು ಏರು ದನಿಯಲ್ಲಿ ಲೆಕ್ಕ ಹೇಳಿದೆ. ಪರದೆ ಮೇಲೆ ಕೆಂಪು ಅಂಕಿ, ಹಿನ್ನೆಲೆಯಲ್ಲಿ ಢಬ್ ಢಬ್ ಅಂತ ಹೃದಯ ಬಡಿತದ ಸದ್ದು. ಮಾರನೇ ದಿನ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದಲೇ ಕ್ಯೂ. ನೋವಿಲ್ಲ, ಏನಿಲ್ಲ, ಆದರೂ ಇಸಿಜಿ ಬೇಕು. ಆ ಕ್ಯೂ ನಡುವೆ ನಿಜವಾಗಿ ಎದೆ ಹಿಡಿದುಕೊಂಡು ನಿಂತವನೊಬ್ಬನಿದ್ದರೆ ಅವನ ಗತಿ ಏನು ಅನ್ನೋ ಪ್ರಶ್ನೆ ಆ ರಾತ್ರಿ ನನ್ನನ್ನ ಮಲಗಗೊಡಲಿಲ್ಲ. ಆಗ ಜಯದೇವ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಪರಿಶೀಲಿಸಿ, ಹೃದಯಾಘಾತದಲ್ಲಿ ಅಸಹಜ ಏರಿಕೆ ಕಂಡಿಲ್ಲ ಅಂತ ವರದಿ ಕೊಟ್ಟಿತು. ಅದನ್ನ ನಾವು ಎಷ್ಟು ಹೊತ್ತು ತೋರಿಸಿದೆವು? ಸಾವಿನ ಲೆಕ್ಕ ತೋರಿಸಿದಷ್ಟು ಹೊತ್ತಂತೂ ಅಲ್ಲ.

ಜನರಿಗೆ ನಾನು ಅವತ್ತು ಹೇಳಬೇಕಿದ್ದದ್ದು ಇಷ್ಟೇ ಇತ್ತು. ಇಸಿಜಿ ಜಾತಕ ಅಲ್ಲ. ಆರಾಮಾಗಿರೋ ಮನುಷ್ಯನ ಇವತ್ತಿನ ಇಸಿಜಿ ಚೆನ್ನಾಗಿದೆ ಅಂದರೆ ನಾಳೆ ಏನೂ ಆಗಲ್ಲ ಅಂತ ಅರ್ಥ ಅಲ್ಲ. ಅದಕ್ಕೆ ಬಿಪಿ, ಸಕ್ಕರೆ, ಕೊಲೆಸ್ಟರಾಲ್ ನೋಡಿಸಬೇಕು, ಬೀಡಿ ಸಿಗರೇಟು ಬಿಡಬೇಕು. ನೋವು ಬಂದಾಗ ಮಾತ್ರ ಇಸಿಜಿ ಬಿಟ್ಟರೆ ಗತಿ ಇಲ್ಲ. ನೋವು ಅಂದರೆ ಸಿನಿಮಾದ ಹಾಗೆ ಎದೆ ಹಿಡಿದು ಬೀಳೋದೇ ಆಗಬೇಕಿಲ್ಲ. ಎದೆ ಭಾರ, ದವಡೆ ನೋವು, ಎಡಗೈ ಸೆಳೆತ, ಬೆನ್ನು ನೋವು, ತಣ್ಣನೆ ಬೆವರು, ಉಸಿರು ಕಟ್ಟೋದು. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಬರೀ ಸುಸ್ತು, ವಾಂತಿ, ಹೊಟ್ಟೆ ತೊಳಸೋದು ಇಷ್ಟೇ ಇರಬಹುದು. ಗ್ಯಾಸೋ ಅಲ್ಲವೋ ಅಂತ ತೀರ್ಮಾನ ಮಾಡೋದು ಜಗಲಿ ಮೇಲೆ ಅಲ್ಲ.

ಕೊನೆಗೆ ಆ ಜೆರಾಕ್ಸು. ಪತ್ರಕರ್ತನಾಗಿ ಹಲವು ವರ್ಷ ಕಳೆದ ಮೇಲೆ, ಒಂದು ಕಾರ್ಯಕ್ರಮಕ್ಕೆ ಬಂದಿದ್ದ ಹೃದ್ರೋಗ ತಜ್ಞರೊಬ್ಬರಿಗೆ ಅದನ್ನ ತೋರಿಸಿದೆ. ಅವರು ಕನ್ನಡಕ ಸರಿ ಮಾಡಿಕೊಂಡು ವಿ2, ವಿ3, ವಿ4ರ ಮೇಲೆ ಬೆರಳಿಟ್ಟರು. "ಇಲ್ಲಿ ಟಿ ನೋಡಿ, ಎಷ್ಟು ದಪ್ಪ ಇದೆ. ಎಸ್‌ಟಿ ಇನ್ನೂ ಎದ್ದಿಲ್ಲ. ಇನ್ನೊಂದು ಹದಿನೈದು ನಿಮಿಷ ಕೂರಿಸಿಕೊಂಡು ಮತ್ತೊಂದು ತೆಗೆದಿದ್ದರೆ ಬಹುಶಃ ಗೊತ್ತಾಗಿಬಿಡೋದು" ಅಂದರು. ಮತ್ತೇನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಕ್ಲಿನಿಕ್ಕಿನ ಮೇಲೆ ಮೊದಲಿದ್ದ ಸಿಟ್ಟು ಅವತ್ತು ಪೂರ್ತಿ ಹೋಯಿತು ಅಂತ ಹೇಳಿದರೆ ಸುಳ್ಳಾಗುತ್ತೆ. ಆದರೆ ಆ ಮೊದಲ ಒಂದು ಗಂಟೆ ಹಾಳು ಮಾಡಿದ್ದು ಜೀರಿಗೆ ನೀರು, ಸೋಡಾ ಮತ್ತು ನಾವೇ. ಅದನ್ನೂ ಒಪ್ಪಿಕೊಳ್ಳಬೇಕಲ್ಲ.

ಹೋದ ವರ್ಷ ದೊಡ್ಡಮ್ಮನಿಗೆ ಎದೆ ಉರಿ ಬಂತು, ಬೆವರೂ ಬಂತು. ಈ ಸಲ ಯಾರೂ ಸೋಡಾ ತರಲಿಲ್ಲ. ಅಣ್ಣನ ಮಗ 108ಕ್ಕೆ ಫೋನ್ ಮಾಡಿದ. ಆಸ್ಪತ್ರೆಯಲ್ಲಿ ಹೋದ ತಕ್ಷಣ ಒಂದು ಇಸಿಜಿ, ಇಪ್ಪತ್ತು ನಿಮಿಷಕ್ಕೆ ಇನ್ನೊಂದು, ಆಮೇಲೆ ಮತ್ತೊಂದು, ಜೊತೆಗೆ ರಕ್ತ ಪರೀಕ್ಷೆ. ಎಲ್ಲ ಸರಿ ಇತ್ತು. ನಿಜಕ್ಕೂ ಗ್ಯಾಸೇ ಆಗಿತ್ತು! ಸಂಜೆ ಮನೆಗೆ ಬಂದ ದೊಡ್ಡಮ್ಮ ನನಗೆ ಫೋನ್ ಮಾಡಿ ಬೈದರು. "ಗ್ಯಾಸಿಗೆ ಮೂರು ಸಲ ಕರೆಂಟು ಕೊಡ್ಸಿದ್ರು ಕಣಪ್ಪಾ ನಿನ್ನ ಮಾತು ಕೇಳ್ಕಂಡು. ಊರ್ನೋರೆಲ್ಲ ನಗ್ತಾವ್ರೆ."

ನಗಲಿ ಬಿಡು ದೊಡ್ಡಮ್ಮ ಅಂದೆ. ಆ ಮೂರೂ ಕಾಗದ ಎಲ್ಲಿಟ್ಟಿದ್ದೀಯ ಅಂತ ಕೇಳಿದೆ. ದೇವರ ಮನೆ ಬೀರುವಿನಲ್ಲಿ, ನಿಮ್ಮ ದೊಡ್ಡಪ್ಪನ ಪಟದ ಹಿಂದೆ ಅಂದರು. ಜೆರಾಕ್ಸ್ ಮಾಡಿಸಿಡೋಕೆ ಹೇಳಿ ಫೋನ್ ಇಟ್ಟೆ.